ಜುಲೈ ತಿಂಗಳ ವಿಯೆಟ್ನಾಂ: ಮಳೆಗೆ ಹೆದರಬೇಕೆ, ಸೆಕೆಗೆ ಹೆದರಬೇಕೆ?

ಬಯಲುಸೀಮೆ · ಜೂನ್ 9

ಎಲ್ಲರಿಗೂ ನಮಸ್ಕಾರ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ನನಗೆ ಮೂರು ವಾರಗಳ ಬಿಡುವು ಸಿಕ್ಕಿದೆ. ಅದು ಜುಲೈ ತಿಂಗಳಿನಲ್ಲಿಯೇ ಸಿಕ್ಕಿರುವುದರಿಂದ ಋತು ನೋಡಿ ಹೊರಡುವ ಭಾಗ್ಯ ನನಗಿಲ್ಲ. ಹನೋಯ್, ಹ್ವೆ, ದಾ ನಾಂಗ್, ಹೋಯ್ ಆನ್ ಮತ್ತು ಸೈಗಾನ್ (ಈಗಿನ ಹೋ ಚಿ ಮಿನ್ ನಗರ) ಎಂಬ ಐದು ಊರುಗಳನ್ನು, ಬೆನ್ನಿಗೆ ಒಂದೇ ಚೀಲ ಹಾಕಿಕೊಂಡು, ರೈಲು ಮತ್ತು ಬಸ್ಸುಗಳಲ್ಲಿ ಸುತ್ತಬೇಕೆಂದಿದ್ದೇನೆ. ಬೆಟ್ಟ ಹತ್ತುವ, ಕಾಡು ನುಗ್ಗುವ ಆಸೆಯಿಲ್ಲ. ಊರುಗಳ ಬೀದಿಗಳಲ್ಲಿ ನಡೆಯುವುದಷ್ಟೇ ಬೇಕಾಗಿದೆ. ವಿಮಾನದ ಖರ್ಚು ಬಿಟ್ಟರೆ ದಿನಕ್ಕೆ 2,000 ರೂಪಾಯಿಗಳಲ್ಲಿ ಕಳೆಯಬೇಕು. ಮೊಟ್ಟೆ ತಿನ್ನುತ್ತೇನೆ, ಮಾಂಸ ಮತ್ತು ಮೀನು ತಿನ್ನುವುದಿಲ್ಲ.

ಹೇಳಿದವರೆಲ್ಲ "ಮಳೆಗಾಲದಲ್ಲಿ ಹೋಗಬೇಡ" ಎಂದೇ ಹೇಳುತ್ತಿದ್ದಾರೆ. ನಾನು ಚಿತ್ರದುರ್ಗದ ಕಡೆಯವನು. ನಮ್ಮಲ್ಲಿ ಮಳೆಗಾಲವೆಂದರೆ ಮೋಡ ನೋಡುತ್ತ ಕೂರುವ ಕಾಲ. ಹಾಗಾಗಿ ಅವರ ಮಾತನ್ನು ಎಷ್ಟರಮಟ್ಟಿಗೆ ತೆಗೆದುಕೊಳ್ಳಬೇಕೆಂದು ತಿಳಿಯುತ್ತಿಲ್ಲ. ಯಾವ ಊರನ್ನು ಮೊದಲು ಇಟ್ಟುಕೊಳ್ಳಬೇಕು, ಯಾವುದನ್ನು ಕೊನೆಗೆ? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಕಾಫಿತೋಟ · ಜೂನ್ 9

ಮೂಡಿಗೆರೆಯವನಾಗಿ ಮೊದಲ ಉತ್ತರ ನನ್ನದೇ ಆಗಲಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆಯಾಗುತ್ತದೆ, ಹನೋಯ್‌ನಲ್ಲಿ ಆಗುವುದು ಸುಮಾರು 1,700 ಮಿ.ಮೀ. ಇದರ ಮುಂದೆ ಅದೊಂದು ಮಳೆಯೇ? ನಾನು ಆಗಸ್ಟ್‌ನಲ್ಲಿ ಹನೋಯ್ ಮತ್ತು ಸೈಗಾನ್ ಎರಡನ್ನೂ ನೋಡಿ ಬಂದೆ. ಎರಡು ಕಡೆಯೂ ಮಳೆ ಬಂತು, ನಿಂತಿತು, ನಾವು ನಡೆದೆವು, ಅಷ್ಟೇ. ಇಡೀ ದೇಶದಲ್ಲಿ ಮೇ ತಿಂಗಳಿನಿಂದ ಅಕ್ಟೋಬರಿನವರೆಗೆ ಮಳೆಗಾಲ ಎಂದುಕೊಂಡು ಒಂದು ರೈನ್‌ಕೋಟು ಇಟ್ಟುಕೊಂಡು ಹೊರಡಿ. ಯಾವ ಊರು ಮೊದಲು ಎಂಬುದರಿಂದ ವ್ಯತ್ಯಾಸವೇನೂ ಆಗುವುದಿಲ್ಲ.

ಸೈಗಾನ್‌ವಾಸಿ · ಜೂನ್ 10

ಕಾಫಿತೋಟ ಅವರ ಧೈರ್ಯವನ್ನು ಮೆಚ್ಚುತ್ತೇನೆ, ಆದರೆ "ಇಡೀ ದೇಶದಲ್ಲಿ" ಎಂಬ ಮಾತನ್ನು ತಿದ್ದಲೇಬೇಕು. ನಾನು ಕೆಲಸದ ಮೇಲೆ ಇಲ್ಲಿಗೆ ಬಂದು ಆರು ಮಳೆಗಾಲಗಳನ್ನು ಕಂಡಿದ್ದೇನೆ. ಈ ದೇಶಕ್ಕೆ ಒಂದು ಮಳೆಗಾಲವಿಲ್ಲ. ಕನಿಷ್ಠ ಮೂರಿವೆ, ಮತ್ತು ಅವು ಒಂದೇ ಸಮಯಕ್ಕೆ ಬರುವುದಿಲ್ಲ. ಕಾಫಿತೋಟ ಅವರು ನೋಡಿದ ಎರಡು ಊರುಗಳ ನಡುವೆ 1,726 ಕಿಲೋಮೀಟರ್ ರೈಲು ಹಾದಿಯಿದೆ, ಆ ಹಾದಿಯ ನಡುಭಾಗವನ್ನು ಅವರು ನೋಡಿಲ್ಲ.

ಕನ್ನಡಿಗರಿಗೆ ಇದನ್ನು ಅರ್ಥ ಮಾಡಿಸುವುದು ಬಹಳ ಸುಲಭ. ನಮ್ಮಲ್ಲಿ ನೈಋತ್ಯದ ಮುಂಗಾರು ಪಶ್ಚಿಮ ಘಟ್ಟಕ್ಕೆ ಬಡಿದು ಕರಾವಳಿ ಮತ್ತು ಮಲೆನಾಡಿನಲ್ಲಿ ಸುರಿಯುತ್ತದೆ. ಘಟ್ಟದ ಆಚೆಗಿನ ಬಯಲುಸೀಮೆಗೆ ಉಳಿಯುವುದು ಒಣಗಾಳಿ ಮತ್ತು ತೇಲುವ ಮೋಡ. ವಿಯೆಟ್ನಾಮಿನ ಪಶ್ಚಿಮದ ಗಡಿಯುದ್ದಕ್ಕೂ, ಲಾವೋಸ್ ಕಡೆಗೆ, ಚುವೋಂಗ್ ಸೋನ್ ಎಂಬ ಬೆಟ್ಟಸಾಲು ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ನೈಋತ್ಯದ ಗಾಳಿ ತನ್ನ ನೀರನ್ನು ಆ ಸಾಲಿನ ಲಾವೋಸ್ ಮಗ್ಗುಲಿಗೆ ಚೆಲ್ಲಿ, ಈಚೆಗೆ ಇಳಿಯುವಾಗ ಕಾದು ಒಣಗಿರುತ್ತದೆ. ಇಲ್ಲಿಯವರು ಅದನ್ನು "ಲಾವೋಸ್ ಗಾಳಿ" ಎಂದೇ ಕರೆಯುತ್ತಾರೆ. ಹ್ವೆ, ದಾ ನಾಂಗ್, ಹೋಯ್ ಆನ್ ಮೂರೂ ಈ ಮಗ್ಗುಲಿನಲ್ಲಿವೆ. ಆದ್ದರಿಂದ ನಿಮ್ಮ ಜುಲೈ ತಿಂಗಳಿನಲ್ಲಿ ಆ ಮೂರು ಊರುಗಳಿಗೆ ಅದು ಮಳೆಗಾಲವಲ್ಲ, ಕಡು ಬೇಸಗೆ. ಅವುಗಳ ಮಳೆ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ, ಈಶಾನ್ಯದ ಗಾಳಿ ಕಡಲಿನಿಂದ ನೀರು ಹೊತ್ತು ಅದೇ ಬೆಟ್ಟಗಳಿಗೆ ಎದುರಿನಿಂದ ಬಡಿದಾಗ ಬರುತ್ತದೆ. ತಮಿಳುನಾಡಿಗೆ ಹಿಂಗಾರು ಹೇಗೋ ಹಾಗೆ.

ಸೈಗಾನ್‌ನ ಮಳೆ ಮೇಯಿಂದ ನವೆಂಬರ್‌ವರೆಗೆ. ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಒಂದು ಗಂಟೆ ಬಾರಿಸಿ ಹೋಗುತ್ತದೆ, ಬೆಳಗ್ಗೆ ಬಿಸಿಲೇ ಇರುತ್ತದೆ. ಹನೋಯ್‌ಗೆ ಜುಲೈ ಮತ್ತು ಆಗಸ್ಟ್ ಅತಿ ಹೆಚ್ಚು ಮಳೆಯ ತಿಂಗಳುಗಳು. ಅಲ್ಲಿ ಮಳೆಗೆ ಹೊತ್ತುಗೊತ್ತಿಲ್ಲ, ರಾತ್ರಿಯೆಲ್ಲ ಸುರಿದು ಬೆಳಗ್ಗೆ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಲ್ಲುವುದೂ ಉಂಟು. ಅದರ ಮೇಲೆ ಚಂಡಮಾರುತದ ಭಯ ಬೇರೆ.

ಹಾಗಾಗಿ ನನ್ನ ಸಲಹೆ ಇಷ್ಟು: ಹನೋಯ್‌ನಿಂದ ಆರಂಭಿಸಿ, ಅಲ್ಲಿಂದ ಮುಂದಿನ ರೈಲಿನ ಟಿಕೆಟನ್ನು ಬಹಳ ಮೊದಲೇ ತೆಗೆಯಬೇಡಿ. ಹವಾಮಾನ ಕೆಟ್ಟರೆ ಎರಡು ದಿನ ಮುಂಚೆ ದಕ್ಷಿಣಕ್ಕೆ ಇಳಿಯಬಹುದು. ಹೆಚ್ಚು ದಿನಗಳನ್ನು ನಡುನಾಡಿಗೆ ಕೊಡಿ. ಸೈಗಾನನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿಯ ಮಳೆಯನ್ನು ಗಡಿಯಾರ ನೋಡಿ ಹೇಳಬಹುದಾದ್ದರಿಂದ ಮರಳುವ ವಿಮಾನಕ್ಕೆ ತೊಡಕಾಗುವ ಸಂಭವ ಕಡಿಮೆ.

ಕಾಫಿತೋಟ · ಜೂನ್ 10

ತಪ್ಪು ಒಪ್ಪಿಕೊಂಡೆ. ಘಟ್ಟದ ತಲೆಯ ಮೇಲೆ ಕುಳಿತವನಿಗೆ ಘಟ್ಟದ ನೆರಳು ಹೊಳೆಯದೆ ಹೋಯಿತು.

ಹಾದಿಬದಿ · ಜೂನ್ 11

ಮಳೆಯ ಬಗ್ಗೆ ಇಷ್ಟೆಲ್ಲ ಚರ್ಚೆಯಾಯಿತು, ಆದರೆ ನನ್ನನ್ನು ಮಲಗಿಸಿದ್ದು ಮಳೆಯಲ್ಲ. ನಾನು ಒಬ್ಬಳೇ ಜೂನ್ ಕೊನೆಯಲ್ಲಿ ಇದೇ ಹಾದಿಯಲ್ಲಿ ಹೋಗಿದ್ದೆ. ಹನೋಯ್‌ನಲ್ಲಿ ಮೂರನೆಯ ದಿನ, ಸಾಹಿತ್ಯ ಮಂದಿರದ ಅಂಗಳದಲ್ಲಿ ಮಧ್ಯಾಹ್ನ ಒಂದು ಗಂಟೆಗೆ ನಿಂತಿದ್ದಾಗ ಕಣ್ಣು ಕತ್ತಲೆ ಬಂದು ಕುಸಿದೆ. ಬಾಗಿಲಲ್ಲಿ ಬೀಸಣಿಗೆ ಮಾರುತ್ತಿದ್ದ ಹೆಂಗಸು ನನ್ನನ್ನು ನೆರಳಿಗೆ ಎಳೆದು, ಕತ್ತಿನ ಹಿಂದೆ ಐಸ್ ಒತ್ತಿ ಹಿಡಿದು, ಏನೋ ಬೈದರು. ಭಾಷೆ ತಿಳಿಯದಿದ್ದರೂ ಬೈಗುಳದ ಅರ್ಥ ಚೆನ್ನಾಗಿಯೇ ತಿಳಿಯಿತು: ಈ ಹೊತ್ತಿನಲ್ಲಿ ಯಾರಾದರೂ ಹೊರಗೆ ಬರುತ್ತಾರೆಯೇ?

ಬಯಲುಸೀಮೆ ಅವರೇ, ನಮ್ಮ ಭಾಷೆಯಲ್ಲಿ ಸೆಕೆ ಬೇರೆ, ಧಗೆ ಬೇರೆ. ನೀವು ಧಗೆಗೆ ಒಗ್ಗಿದವರು. ಹ್ವೆಯಲ್ಲಿ ಲಾವೋಸ್ ಗಾಳಿ ಬೀಸುವ ದಿನದ ಬಿಸಿಲು ನಿಮಗೆ ರಾಯಚೂರಿನ ಮೇ ತಿಂಗಳನ್ನು ನೆನಪಿಸೀತು. ನೀರು ಕುಡಿದು, ತಲೆಗೆ ಬಟ್ಟೆ ಕಟ್ಟಿಕೊಂಡರೆ ತಡೆಯಬಹುದು. ಅದೇ ಗಾಳಿಯ ಹಾದಿಯಲ್ಲಿ, ಹ್ವೆಗಿಂತ ಉತ್ತರಕ್ಕಿರುವ ನ್ಘೆ ಆನ್ ಪ್ರಾಂತ್ಯದಲ್ಲಿ 2023ರ ಮೇ ತಿಂಗಳಿನಲ್ಲಿ 44.2 ಡಿಗ್ರಿ ದಾಖಲಾಗಿತ್ತು. ಹನೋಯ್‌ನದು ಮಂಗಳೂರಿನ ಸೆಕೆ. ಉಷ್ಣಮಾಪಕ 35 ತೋರಿಸುತ್ತದೆ, ಆದರೆ ಗಾಳಿಯಲ್ಲಿ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ರಾತ್ರಿಯೂ ಸೆಕೆ ಇಳಿಯುವುದು ಅಪರೂಪ. ಬೆನ್ನಿಗೆ ಎಂಟು ಕಿಲೋ ಚೀಲ ಅಂಟಿಕೊಂಡಾಗ ಮೈಯ ಅರ್ಧ ಭಾಗಕ್ಕೆ ಗಾಳಿಯೇ ಇಲ್ಲ.

ಆ ದಿನದಿಂದ ನಾನು ಊರಿನವರ ದಿನಚರಿಯನ್ನೇ ಹಿಡಿದೆ. ಹೋನ್ ಕಿಯೆಮ್ ಕೆರೆಯ ಸುತ್ತ ಬೆಳಗ್ಗೆ ಐದು ಗಂಟೆಗೇ ಅಜ್ಜ ಅಜ್ಜಿಯರೆಲ್ಲ ವ್ಯಾಯಾಮ ಮಾಡುತ್ತಿರುತ್ತಾರೆ. ನಡೆಯುವುದನ್ನೆಲ್ಲ ಐದರಿಂದ ಒಂಬತ್ತೂವರೆಯೊಳಗೆ ಮುಗಿಸಿ, ಹನ್ನೊಂದೂವರೆಗೆ ಊಟ ಮಾಡಿ, ಎರಡು ಗಂಟೆಯವರೆಗೆ ಮಲಗಿ. ಇಲ್ಲಿ ಕಚೇರಿಗಳಲ್ಲಿಯೂ ಮಧ್ಯಾಹ್ನದ ನಿದ್ದೆ ಉಂಟು, ಯಾರೂ ನಗುವುದಿಲ್ಲ. ಆಮೇಲೆ ಒಂದು ವಸ್ತುಸಂಗ್ರಹಾಲಯ. ಸಂಜೆ ಐದರ ನಂತರ ಮತ್ತೆ ಬೀದಿ. ಔಷಧದಂಗಡಿಯಲ್ಲಿ "ಒರೆಸೋಲ್" ಎಂದು ಕೇಳಿದರೆ ನಮ್ಮ ಓ.ಆರ್.ಎಸ್. ಪುಡಿ ಕೊಡುತ್ತಾರೆ, ಅದನ್ನು ಮೊದಲ ದಿನವೇ ಕೊಂಡಿಟ್ಟುಕೊಳ್ಳಿ.

ಬಟ್ಟೆಯ ವಿಷಯ. ಅಲ್ಲಿ ಒಗೆದ ಬಟ್ಟೆ ಕೋಣೆಯೊಳಗೆ ಎರಡು ದಿನವಾದರೂ ಒಣಗುವುದಿಲ್ಲ. ಒಣಗಿದಂತೆ ಕಂಡರೂ ಮುಗ್ಗಲು ವಾಸನೆ ಹೋಗುವುದಿಲ್ಲ. "ಝಾತ್ ಸೇ" ಎಂಬ ಫಲಕದ ಅಂಗಡಿಗಳಲ್ಲಿ ಕಿಲೋ ಲೆಕ್ಕದಲ್ಲಿ ಒಗೆದು, ಯಂತ್ರದಲ್ಲಿ ಒಣಗಿಸಿ, ಮಡಚಿ ಕೊಡುತ್ತಾರೆ. ಕಿಲೋಗೆ ನೂರು ರೂಪಾಯಿಯ ಆಸುಪಾಸು. ಮೂರು ಜೊತೆ ಬಟ್ಟೆ ಸಾಕು. ಜೀನ್ಸ್ ಬೇಡವೇ ಬೇಡ. ಶೂಗಳನ್ನು ಮನೆಯಲ್ಲಿಯೇ ಬಿಟ್ಟು ಫ್ಲೋಟರ್ಸ್ ಹಾಕಿಕೊಳ್ಳಿ. ರಾತ್ರಿಯ ಸ್ಲೀಪರ್ ಬಸ್ಸಿಗೆ ಹತ್ತುವಾಗ ಬಾಗಿಲಿನಲ್ಲಿಯೇ ಪ್ಲಾಸ್ಟಿಕ್ ಚೀಲ ಕೊಟ್ಟು ಪಾದರಕ್ಷೆ ಬಿಚ್ಚಿಸುತ್ತಾರೆ. ಒದ್ದೆ ಶೂಗಳನ್ನು ಆ ಚೀಲದಲ್ಲಿ ಕಟ್ಟಿ ತಲೆಯ ಬಳಿ ಇಟ್ಟುಕೊಂಡು ಹತ್ತು ಗಂಟೆ ಮಲಗಿದವಳು ಹೇಳುತ್ತಿದ್ದೇನೆ.

ಬಯಲುಸೀಮೆ · ಜೂನ್ 11

ಹಾದಿಬದಿ ಅಕ್ಕ, ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ಎರಡು ಸಣ್ಣ ಪ್ರಶ್ನೆಗಳಿವೆ. ಕೊಡೆ ಒಳ್ಳೆಯದೋ ರೈನ್‌ಕೋಟೋ? ಊರೊಳಗೆ ಓಡಾಡಲು ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡರೆ ಹೇಗೆ? ನನ್ನ ಬಳಿ ಆರ್.ಟಿ.ಓ. ಕೊಟ್ಟ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇದೆ.

ಕಾಫಿತೋಟ · ಜೂನ್ 12

ಕೊಡೆಯನ್ನು ಹನೋಯ್‌ನ ಹಳೆಯ ಬಡಾವಣೆಯ ಸಂದುಗಳಲ್ಲಿ ಬಿಡಿಸಲಿಕ್ಕೂ ಜಾಗವಿಲ್ಲ. ಅಲ್ಲಿನವರದೇ ಒಂದು ಮಳೆಯಂಗಿ ಇದೆ, "ಆವ್ ಮುವಾ" ಎನ್ನುತ್ತಾರೆ. ತಲೆ ತೂರಿಸಿಕೊಂಡು ಮೈಮೇಲೆ ಇಳಿಬಿಡುವ ದೊಡ್ಡ ಹಾಳೆ ಅದು, ನಮ್ಮ ಕಂಬಳಿಕೊಪ್ಪೆಯ ಪ್ಲಾಸ್ಟಿಕ್ ತಮ್ಮ ಎನ್ನಬಹುದು. ಬೆನ್ನಿನ ಚೀಲವೂ ಅದರೊಳಗೇ ಅಡಗುತ್ತದೆ. ಎರಡು ತಲೆಗೆ ಎರಡು ತೂತು ಇರುವ ಜೋಡಿ ಅಂಗಿಯೂ ಸಿಗುತ್ತದೆ, ಸ್ಕೂಟರಿನ ಹಿಂದೆ ಕುಳಿತವರಿಗೆಂದು. ಮುಂಭಾಗದಲ್ಲಿ ಅಂಗೈ ಅಗಲದ ಪಾರದರ್ಶಕ ತುಂಡೊಂದನ್ನು ಅಂಟಿಸಿರುತ್ತಾರೆ. ಅದೇನೆಂದು ಎರಡು ದಿನ ಯೋಚಿಸಿದೆ. ಅಂಗಿ ಹೆಡ್‌ಲೈಟನ್ನು ಮುಚ್ಚಿದರೂ ಬೆಳಕು ಅಲ್ಲಿಂದ ಹೊರಬರಲಿ ಎಂದು! ಗೊರಬು ಹೆಣೆದ ನಮ್ಮ ಹಿರಿಯರು ನೋಡಿದ್ದರೆ ತಲೆದೂಗುತ್ತಿದ್ದರು.

ಸ್ಕೂಟರ್ ಧಾರಾಳವಾಗಿ ತೆಗೆದುಕೊಳ್ಳಿ, ನಾನೂ ಓಡಿಸಿದ್ದೇನೆ, ಯಾರೂ ಕೇಳಲಿಲ್ಲ.

ಇನ್ನೊಂದು ಮಾತು, ವಿಷಯಕ್ಕೆ ಸ್ವಲ್ಪ ಹೊರಗಿನದು. ಕಾಫಿ ಬೆಳೆಯುವವನಾಗಿ ಹೇಳುತ್ತೇನೆ: ಅಲ್ಲಿಯ ಕಾಫಿ ನಮ್ಮ ಕೊಡಗಿನ, ಚಿಕ್ಕಮಗಳೂರಿನ ರೊಬಸ್ಟಾದ ಒಡಹುಟ್ಟಿದ್ದು. "ಫಿನ್" ಎಂಬ ಪುಟ್ಟ ಲೋಹದ ಫಿಲ್ಟರಿನಿಂದ ತೊಟ್ಟು ತೊಟ್ಟಾಗಿ ಇಳಿದ ಡಿಕಾಕ್ಷನ್ನು ಗಟ್ಟಿಹಾಲಿನ ಮೇಲೆ ಬೀಳುವುದನ್ನು ನೋಡುತ್ತ, ಹೊರಗೆ ಮಳೆ ಸುರಿಯುತ್ತಿದ್ದರೆ, ಮನೆ ನೆನಪಾಗುತ್ತದೆ. ಸಿಹಿ ಮಾತ್ರ ವಿಪರೀತ.

ಸೈಗಾನ್‌ವಾಸಿ · ಜೂನ್ 12

ಮಳೆಯಂಗಿಯ ಬಗ್ಗೆ ಹೇಳಿದ್ದು ಸರಿ, ಸ್ಕೂಟರಿನ ಬಗ್ಗೆ ಹೇಳಿದ್ದು ಅಪಾಯಕರ. ಭಾರತ ಕೊಡುವ ಅಂತರರಾಷ್ಟ್ರೀಯ ಪರವಾನಗಿ 1949ರ ಜಿನೀವಾ ಒಪ್ಪಂದದ ಪ್ರಕಾರದ್ದು. ವಿಯೆಟ್ನಾಂ ಮಾನ್ಯ ಮಾಡುವುದು 1968ರ ವಿಯೆನ್ನಾ ಒಪ್ಪಂದದ ಪರವಾನಗಿಯನ್ನು. ಹೀಗಾಗಿ ನಮ್ಮ ಆ ಬೂದುಬಣ್ಣದ ಪುಸ್ತಕಕ್ಕೆ ಇಲ್ಲಿ ಬೆಲೆಯಿಲ್ಲ. ಬಾಡಿಗೆ ಕೊಡುವವನು ಕೇಳುವುದಿಲ್ಲ, ನಿಜ. ಪೊಲೀಸರು ಕೇಳಿದರೆ ದಂಡ. ಆದರೆ ನಿಜವಾಗಿ ಕೇಳುವವನು ವಿಮಾ ಕಂಪನಿಯವನು, ಅದೂ ನೀವು ಆಸ್ಪತ್ರೆಯಲ್ಲಿ ಮಲಗಿದ್ದಾಗ. ಒದ್ದೆ ರಸ್ತೆ, ಬಲಬದಿಯ ಸಂಚಾರ, ಅಪರಿಚಿತ ಬ್ರೇಕು, ಈ ಮೂರೂ ಸೇರಿದ ಮೇಲೆ ಅದೃಷ್ಟವನ್ನು ನಂಬಿಕೊಳ್ಳಬೇಡಿ.

ಗ್ರ್ಯಾಬ್ ಆ್ಯಪಿನಲ್ಲಿ ಬೈಕು ಕರೆಸಿಕೊಂಡರೆ ಹಿಂದೆ ಕೂರಬಹುದು. ಮಳೆ ಬರುವಾಗ ದರ ಏರುತ್ತದೆ, ಹತ್ತು ನಿಮಿಷ ಕಾದರೆ ಇಳಿಯುತ್ತದೆ. ಸೈಗಾನ್‌ನಲ್ಲಿ ಈಗ ಮೆಟ್ರೊ ಕೂಡ ಇದೆ: 2024ರ ಡಿಸೆಂಬರ್ 22ರಂದು ಬೆನ್ ಥಾನ್‌ನಿಂದ ಸುವೋಯ್ ತಿಯೆನ್‌ವರೆಗಿನ ಮೊದಲ ಮಾರ್ಗ ಆರಂಭವಾಯಿತು. ಹನೋಯ್‌ನ ಕಾತ್ ಲಿನ್ ಮಾರ್ಗ 2021ರಿಂದಲೇ ಓಡುತ್ತಿದೆ. ಎರಡೂ ಹವಾನಿಯಂತ್ರಿತ; ಸೆಕೆ ಜಾಸ್ತಿಯಾದಾಗ ನಾನು ಸುಮ್ಮನೆ ಕೊನೆಯ ನಿಲ್ದಾಣದವರೆಗೆ ಹೋಗಿ ಬಂದದ್ದೂ ಇದೆ.

ವಿಳಾಸಗಳ ಬಗ್ಗೆ ಒಂದು ಎಚ್ಚರಿಕೆ. 2025ರ ಜುಲೈ 1ರಿಂದ ಪ್ರಾಂತ್ಯಗಳ ಸಂಖ್ಯೆಯನ್ನು 63ರಿಂದ 34ಕ್ಕೆ ಇಳಿಸಿ, ಜಿಲ್ಲಾ ಮಟ್ಟದ ಆಡಳಿತವನ್ನೇ ತೆಗೆದುಹಾಕಿದ್ದಾರೆ. ಹೋಯ್ ಆನ್ ಈಗ ಆಡಳಿತದ ಲೆಕ್ಕದಲ್ಲಿ ದಾ ನಾಂಗ್ ನಗರದೊಳಗಿದೆ. ಸೈಗಾನ್‌ನ ನಡುಭಾಗವನ್ನು ಜನ ಇನ್ನೂ "ಒಂದನೇ ಜಿಲ್ಲೆ" ಎಂದೇ ಹೇಳುತ್ತಾರೆ, ನಕ್ಷೆ ಮಾತ್ರ ಬೇರೆ ಹೆಸರು ತೋರಿಸುತ್ತದೆ. ಗಾಬರಿಯಾಗಬೇಡಿ, ಜಾಗ ಒಂದೇ.

ಅಕ್ಕಿರೊಟ್ಟಿ · ಜೂನ್ 13

ಊಟದ ವಿಷಯ ಯಾರೂ ಎತ್ತಲಿಲ್ಲವಲ್ಲ. ನಾವು ಗಂಡ ಹೆಂಡತಿ ಇಬ್ಬರೂ ಶುದ್ಧ ಸಸ್ಯಾಹಾರಿಗಳು, ಹದಿನೈದು ದಿನ ಇದ್ದು ಬಂದೆವು, ಉಪವಾಸ ಬೀಳಲಿಲ್ಲ. ಕಲಿಯಬೇಕಾದ ಪದ ಒಂದೇ: "ಚಾಯ್". ನಮ್ಮ ಕಿವಿಗೆ ಅದು ಚಹಾ ಎಂದು ಕೇಳಿಸುತ್ತದೆ, ಆದರೆ ಅಲ್ಲಿ ಅದರರ್ಥ ಸಸ್ಯಾಹಾರ. "ಕೋಮ್ ಚಾಯ್" ಎಂಬ ಫಲಕವಿದ್ದರೆ ಅದು ಸಸ್ಯಾಹಾರಿ ಅನ್ನದಂಗಡಿ. ಇದು ಬೌದ್ಧ ಸಂಪ್ರದಾಯದ ಸಸ್ಯಾಹಾರವಾದ್ದರಿಂದ ಅನೇಕ ಕಡೆ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ನೋಡಲು ಮೀನಿನಂತೆ, ಮಾಂಸದಂತೆ ಕಾಣುವ ತುಂಡುಗಳು ಇರುತ್ತವೆ, ಸೋಯಾದಿಂದ ಮಾಡಿದ್ದು. ನಮ್ಮ ಮನೆಯವರು ಮೊದಲ ದಿನ ತಟ್ಟೆಯನ್ನೇ ದೂರ ತಳ್ಳಿದ್ದರು.

ಸಾಮಾನ್ಯ ಅಂಗಡಿಯಲ್ಲಿ ಬರೀ ತರಕಾರಿ ಕೇಳಿದರೆ ಸಾಲದು, ಮೀನಿನ ರಸವಾದ "ನ್ವೋಕ್ ಮಾಮ್" ಎಲ್ಲದರಲ್ಲಿಯೂ ಬೀಳುತ್ತದೆ. ಹ್ವೆ ಊರು ಈ ಬೌದ್ಧ ಅಡುಗೆಗೆ ಹೆಸರುವಾಸಿ, ಅಲ್ಲಿ ತೃಪ್ತಿಯಾಗಿ ಉಂಡೆವು. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ, ಅಂದರೆ ಹುಣ್ಣಿಮೆಯ ಹೊತ್ತಿಗೆ, ಅಲ್ಲಿಯ ಅನೇಕ ಕುಟುಂಬಗಳು ಸಸ್ಯಾಹಾರವನ್ನೇ ಮಾಡುತ್ತವೆ. ಆ ದಿನಗಳಲ್ಲಿ ಎಂದಿನ ನೂಡಲ್ ಗಾಡಿಯಲ್ಲಿಯೂ "ಚಾಯ್" ಸಿಗಬಹುದು. ಏಳನೆಯ ತಿಂಗಳ ಹುಣ್ಣಿಮೆಗೆ, ಸಾಮಾನ್ಯವಾಗಿ ಆಗಸ್ಟಿನ ಆಸುಪಾಸಿಗೆ, ತೀರಿಕೊಂಡ ಹಿರಿಯರಿಗೆಂದು ಎಡೆಯಿಟ್ಟು ಕಾಗದದ ವಸ್ತುಗಳನ್ನು ಸುಡುತ್ತಾರೆ. ನಮ್ಮ ಪಿತೃಪಕ್ಷಕ್ಕೆ ಬಹಳ ದೂರದ್ದಲ್ಲ.

ಮಳೆಗಾಲವಾದ್ದರಿಂದ ಬೀದಿಯ ಹಸಿ ಸೊಪ್ಪನ್ನು ಬಿಡಿ. ಬಿಸಿಯಾಗಿ ಎದುರಿಗೆ ಬೇಯಿಸಿದ್ದನ್ನು ತಿನ್ನಿ.

ಮೂರನೆಯಕಣ್ಣು · ಜೂನ್ 14

ಇ-ವೀಸಾ ಅರ್ಜಿಯ ಬಗ್ಗೆ ಎರಡು ಸಾಲು. ಒಂದು ಬಾರಿಯ ಪ್ರವೇಶಕ್ಕೆ 25 ಡಾಲರ್, 90 ದಿನಗಳವರೆಗೆ. ಸರ್ಕಾರದ ಜಾಲತಾಣದಲ್ಲಿಯೇ ಮಾಡಿ, ಅದೇ ರೀತಿ ಕಾಣುವ ಮಧ್ಯವರ್ತಿಗಳು ಬಹಳ ಇದ್ದಾರೆ. ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇರುತ್ತದೆ, ಅಥವಾ ತಂದೆಯ ಹೆಸರು, ಊರಿನ ಹೆಸರು ಅಲ್ಲಿ ಕುಳಿತಿರುತ್ತದೆ. ಬ್ಯಾಂಕಿನಲ್ಲಿ ಹೇಗಿದೆ, ಆಧಾರಿನಲ್ಲಿ ಹೇಗಿದೆ ಎಂದು ನೋಡದೆ, ಪಾಸ್‌ಪೋರ್ಟಿನಲ್ಲಿ ಇರುವುದನ್ನು ಅಕ್ಷರ ಬಿಡದೆ ತುಂಬಿ. ನನ್ನ ತಮ್ಮನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿ, ಮತ್ತೊಮ್ಮೆ ಹಣ ಕಟ್ಟಿ ಹೊಸ ವೀಸಾ ತೆಗೆಯಬೇಕಾಯಿತು.

ಸೈಗಾನ್‌ವಾಸಿ · ಜೂನ್ 14

ಚಂಡಮಾರುತದ ಮಾತನ್ನು ಹಾರಿಸಿಬಿಟ್ಟಿದ್ದೆ, ಈಗ ಹೇಳುತ್ತೇನೆ. ಇಲ್ಲಿಯವರು ಚಂಡಮಾರುತಗಳನ್ನು ಹೆಸರಿನಿಂದಲ್ಲ, ಆ ವರ್ಷದ ಸಂಖ್ಯೆಯಿಂದ ಗುರುತಿಸುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಉತ್ತರವನ್ನು ಅಲ್ಲಾಡಿಸಿದ ಯಾಗಿ ಇಲ್ಲಿಯವರ ಬಾಯಲ್ಲಿ "ಬಾವ್ ಸೋ ಬಾ", ಅಂದರೆ ಮೂರನೇ ಸಂಖ್ಯೆಯ ಬಿರುಗಾಳಿ. ಆಗ ಕೆಂಪು ನದಿ ಉಕ್ಕಿ, 1902ರಲ್ಲಿ ಕಟ್ಟಿ ಮುಗಿಸಿದ ಹನೋಯ್‌ನ ಲಾಂಗ್ ಬಿಯೆನ್ ಸೇತುವೆಯ ಮೇಲೆ ಓಡಾಟ ನಿಲ್ಲಿಸಿದ್ದರು. ಹೋಟೆಲಿನವರು ಟಿ.ವಿ. ನೋಡುತ್ತ "ಬಾವ್" ಎಂದರೆ ಕಿವಿಗೊಡಿ.

ಹನೋಯ್‌ನಿಂದ ಹಾ ಲಾಂಗ್ ಕೊಲ್ಲಿಗೆ ಒಂದು ದಿನದ ದೋಣಿಪ್ರವಾಸಕ್ಕೆ ನಿಮ್ಮನ್ನು ಎಲ್ಲರೂ ಕರೆಯುತ್ತಾರೆ. 2025ರ ಜುಲೈ 19ರಂದು ಅಲ್ಲಿ ಹಠಾತ್ತನೆ ಎದ್ದ ಬಿರುಗಾಳಿಮಳೆಗೆ ಪ್ರವಾಸಿಗರ ದೋಣಿಯೊಂದು ಮಗುಚಿ ಹಲವರು ಪ್ರಾಣ ಕಳೆದುಕೊಂಡರು. ಹೋಗಲೇಬಾರದು ಎನ್ನುವುದಿಲ್ಲ, ಬಂದರಿನವರು ಬೇಡವೆಂದ ದಿನ ಹಣ ಹೋಯಿತೆಂದು ವಾದಿಸಬೇಡಿ. ಮಧ್ಯಾಹ್ನದ ಆಕಾಶ ಕಪ್ಪಾಗುತ್ತಿದ್ದರೆ ನೀವೇ ಹಿಂದೆ ಸರಿಯಿರಿ.

ಬಯಲುಸೀಮೆ · ಆಗಸ್ಟ್ 4

ಕ್ಷೇಮವಾಗಿ ಮರಳಿದ್ದೇನೆ. ಇಲ್ಲಿ ಸಲಹೆ ಕೊಟ್ಟವರಿಗೆಲ್ಲ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಹನೋಯ್‌ನಲ್ಲಿ ಐದು ದಿನ ಇರಬೇಕೆಂದಿದ್ದವನು ನಾಲ್ಕನೆಯ ದಿನವೇ ಹೊರಟೆ. ಮೂರನೆಯ ರಾತ್ರಿ ಹನ್ನೊಂದಕ್ಕೆ ಹಿಡಿದ ಮಳೆ ಬೆಳಗ್ಗೆ ಏಳರವರೆಗೆ ಬಿಡಲಿಲ್ಲ. ಬೀದಿಯಲ್ಲಿ ನೀರು, ನೀರಿನ ಮೇಲೆ ತೇಲುವ ಪ್ಲಾಸ್ಟಿಕ್ ಕುರ್ಚಿಗಳು, ಆ ಕುರ್ಚಿಗಳನ್ನು ಒಂದೊಂದಾಗಿ ಹಿಡಿದು ಗೋಡೆಗೆ ಒರಗಿಸುತ್ತಿದ್ದ ಫೋ ಎಂಬ ನೂಡಲ್ ಸಾರಿನ ಅಂಗಡಿಯ ಹುಡುಗ. ಅವನ ಮುಖದಲ್ಲಿ ಅವಸರವೇ ಇರಲಿಲ್ಲ. ಟಿಕೆಟ್ ಮೊದಲೇ ತೆಗೆಯಬೇಡಿ ಎಂಬ ಸಲಹೆ ಇಲ್ಲಿ ಉಪಯೋಗಕ್ಕೆ ಬಂತು; ಆ ರಾತ್ರಿಯ ರೈಲಿನಲ್ಲಿಯೇ ಆರು ಜನ ಮಲಗುವ ಬೋಗಿಯ ಮೇಲಿನ ಹಲಗೆ ಸಿಕ್ಕಿತು. ಹನೋಯ್‌ನಿಂದ ಹ್ವೆಗೆ 688 ಕಿಲೋಮೀಟರ್, ಸುಮಾರು ಹದಿನಾಲ್ಕು ಗಂಟೆ. ಮೀಟರ್ ಗೇಜಿನ ಹಳಿ. ಆ ತೂಗಾಟಕ್ಕೆ ಚಿಕ್ಕಂದಿನ ರೈಲುಗಳು ನೆನಪಾದವು.

ಬೆಳಗಾಗುವ ಹೊತ್ತಿಗೆ ಕಿಟಕಿಯ ಆಚೆ ನೆಲದ ಬಣ್ಣವೇ ಬೇರೆಯಾಗಿತ್ತು. ಹನೋಯ್‌ನಲ್ಲಿ ಕೆಸರು, ಇಲ್ಲಿ ಬಿರುಕು ಬಿಟ್ಟ ಬದು. ಸೈಗಾನ್‌ವಾಸಿ ಅವರು ಹೇಳಿದ ಬೆಟ್ಟಸಾಲು ಬಲಗಡೆಗೆ ಉದ್ದಕ್ಕೂ ಕಾಣುತ್ತಿತ್ತು. ಹ್ವೆ ನಿಲ್ದಾಣದಲ್ಲಿ ಇಳಿದಾಗ ಮುಖಕ್ಕೆ ಬಡಿದ ಗಾಳಿ ಹಿರಿಯೂರಿನ ಬಸ್ ನಿಲ್ದಾಣದ್ದೇ. ಬಂದವರೆಲ್ಲ ಉಸ್ಸೆನ್ನುತ್ತಿದ್ದರು, ನನಗೆ ಊರಿಗೆ ಬಂದಂತಾಯಿತು. ಕೋಟೆಯನ್ನು ಬೆಳಗ್ಗೆ ಏಳಕ್ಕೇ ನೋಡಿ ಮುಗಿಸಿ, ಮಧ್ಯಾಹ್ನ ಮಲಗಿ, ಸಂಜೆ ಹೊಳೆಯ ದಂಡೆಗೆ ಹೋಗಿ ಕೂತೆ. ಉಪ್ಪು ಹಾಕಿದ ಕಾಫಿ ಕುಡಿದೆ. ಕಾಫಿತೋಟ ಅವರು ಬೇಸರ ಮಾಡಿಕೊಳ್ಳಬಾರದು, ಬಹಳ ಚೆನ್ನಾಗಿತ್ತು.

ಹ್ವೆಯಿಂದ ದಾ ನಾಂಗ್‌ಗೆ ರೈಲಿನಲ್ಲಿ ಹೋಗುವವರು ಎಡಗಡೆಯ ಕಿಟಕಿ ಹಿಡಿಯಿರಿ. ಹಾಯ್ ವಾನ್ ಘಾಟಿಯ ಬುಡದಲ್ಲಿ ರೈಲು ಕಡಲಿನ ಅಂಚಿಗೇ ಹೊರಳುತ್ತದೆ. ಹಾಯ್ ವಾನ್ ಎಂದರೆ ಕಡಲು ಮತ್ತು ಮೋಡ, ಅಂದು ಮೋಡವಿರಲಿಲ್ಲ.

ಹೋಯ್ ಆನ್‌ಗೆ ರೈಲಿಲ್ಲ, ದಾ ನಾಂಗ್‌ನಿಂದ 30 ಕಿಲೋಮೀಟರ್ ರಸ್ತೆ. ಅಲ್ಲಿಂದ ನಸುಕಿನಲ್ಲಿಯೇ ಹೊರಟು ಮಿ ಸೋನ್‌ನಲ್ಲಿ ಚಾಮ್ ಜನಾಂಗದವರು ಹಿಂದೆ ಕಟ್ಟಿದ ದೇವಾಲಯಗಳಿಗೆ ಹೋದೆ. ಇಟ್ಟಿಗೆಯ ಶಿವಾಲಯಗಳು, ಸಂಸ್ಕೃತ ಶಾಸನಗಳು. ಶಾಸನದ ಕಲ್ಲಿನ ಮುಂದೆ ನಿಂತಾಗ ಒಂದೆರಡು ಅಕ್ಷರಗಳು ನಮ್ಮ ಹಳೆಯ ಶಾಸನಗಳಲ್ಲಿ ಕಂಡಂತೆಯೇ ಕಂಡವು. ದಕ್ಷಿಣ ಭಾರತದ ಲಿಪಿಗಳ ನಂಟು ಅದಕ್ಕಿದೆ ಎಂಬುದು ಆಮೇಲೆ ಓದಿ ತಿಳಿಯಿತು. ನಮ್ಮ ಪುರಾತತ್ತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ಮಾಡುತ್ತಿದ್ದಾಗ, 2020ರಲ್ಲಿ, ಒಂಬತ್ತನೆಯ ಶತಮಾನದ ಏಕಶಿಲೆಯ ಶಿವಲಿಂಗವೊಂದು ನೆಲದಡಿಯಿಂದ ಸಿಕ್ಕಿತು. ಎಂಟೂವರೆಯ ಹೊತ್ತಿಗೆ ಇಟ್ಟಿಗೆ ಮುಟ್ಟಲಾಗದಷ್ಟು ಕಾದಿತ್ತು. ಪ್ರವಾಸದ ಬಸ್ಸುಗಳು ಬರುವಾಗ ನಾನು ಹಿಂತಿರುಗುತ್ತಿದ್ದೆ.

ದೂರು ಒಂದೇ. ದಾ ನಾಂಗ್‌ನಿಂದ ಸೈಗಾನ್‌ಗೆ ರೈಲು ಸಿಗದೆ ರಾತ್ರಿಯ ಸ್ಲೀಪರ್ ಬಸ್ಸು ಹಿಡಿದೆ. ಚೀಲವನ್ನು ಕೆಳಗಿನ ಡಿಕ್ಕಿಗೆ ಹಾಕಿಸಿಕೊಂಡರು. ದಕ್ಷಿಣಕ್ಕೆ ಬರುತ್ತಿದ್ದಂತೆ ಮಳೆ, ಡಿಕ್ಕಿಯ ತಳದಲ್ಲಿ ಎಲ್ಲಿಂದಲೋ ನೀರು. ಚೀಲದ ಮೇಲೆ ಹಾಕಿದ್ದ ಮಳೆಹೊದಿಕೆಯಿಂದ ಏನೂ ಪ್ರಯೋಜನವಾಗಲಿಲ್ಲ. ಅದು ಮೇಲಿನಿಂದ ಬೀಳುವ ನೀರನ್ನು ತಡೆಯುತ್ತದೆ, ಕೆಳಗಿನಿಂದ ಏರುವುದನ್ನಲ್ಲ. ಒಳಗೆ ಎಲ್ಲವನ್ನೂ ಗೊಬ್ಬರದ ಚೀಲದ ಒಳಪದರದಂತಹ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ್ದರಿಂದ ಬಟ್ಟೆ ಉಳಿಯಿತು. ಹೊರಜೇಬಿನಲ್ಲಿದ್ದ ದಿನಚರಿ ಪುಸ್ತಕ ಹೋಯಿತು. ವಿಚಿತ್ರವೆಂದರೆ ಅದೇ ಜೇಬಿನಲ್ಲಿದ್ದ ನೋಟುಗಳಿಗೆ ಏನೂ ಆಗಲಿಲ್ಲ: 10,000 ಡಾಂಗ್ ಮತ್ತು ಅದಕ್ಕೆ ಮೇಲಿನ ನೋಟುಗಳೆಲ್ಲ ಪಾಲಿಮರ್. ಒರೆಸಿ ಇಟ್ಟುಕೊಂಡೆ. ಆದರೆ 20,000 ಮತ್ತು 5,00,000 ಎರಡೂ ನೀಲಿ. ಬಸ್ ನಿಲ್ದಾಣದ ಮಬ್ಬು ಬೆಳಕಿನಲ್ಲಿ ಎಳನೀರಿಗೆ ದೊಡ್ಡದನ್ನೇ ಕೊಟ್ಟೆ. ಎಳನೀರಿನ ಅಜ್ಜಿ ನನ್ನ ಕೈ ಹಿಡಿದು, ಸೊನ್ನೆಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿ ತೋರಿಸಿ ನೋಟನ್ನು ಮರಳಿಸಿದರು.

ಸೈಗಾನ್‌ನ ಮಳೆಯ ಬಗ್ಗೆ ಹೇಳಿದ್ದು ಅಕ್ಷರಶಃ ನಿಜ. ಇದ್ದ ಐದು ದಿನಗಳಲ್ಲಿ ನಾಲ್ಕು ದಿನ, ಎರಡೂವರೆ ಮತ್ತು ನಾಲ್ಕರ ನಡುವೆ. ಮೊದಲು ಗಾಳಿ ತಣ್ಣಗಾಗುತ್ತದೆ, ಅಂಗಡಿಯವರು ಕೋಲಿನಿಂದ ಛಾವಣಿಯ ಬಟ್ಟೆಯನ್ನು ಮುಂದಕ್ಕೆ ತಳ್ಳುತ್ತಾರೆ, ಸಾವಿರಾರು ಬೈಕುಗಳು ಒಂದೇ ನಿಮಿಷದಲ್ಲಿ ಬದಿಗೆ ನಿಂತು ಬಣ್ಣಬಣ್ಣದ ಮಳೆಯಂಗಿ ತೊಟ್ಟು ಮತ್ತೆ ಹೊರಡುತ್ತವೆ. ನಾನು ಹಳೆಯ ಅಂಚೆ ಕಚೇರಿಯೊಳಗೆ ನಿಂತು ಮನೆಗೆ ಕಾಗದ ಬರೆದೆ. ಮುಗಿಸುವಷ್ಟರಲ್ಲಿ ಮಳೆ ನಿಂತಿತ್ತು.

ಖರ್ಚು ದಿನಕ್ಕೆ ಸರಾಸರಿ 1,900 ರೂಪಾಯಿ. ಹಾಸ್ಟೆಲಿನ ಒಂದು ಮಂಚಕ್ಕೆ 500ರಿಂದ 700. ನಡುನಾಡಿನಲ್ಲಿ ಎರಡು ರಾತ್ರಿ ಒಬ್ಬನೇ ಕೋಣೆ ಹಿಡಿದದ್ದು ಹವಾನಿಯಂತ್ರಕಕ್ಕಾಗಿ.

ಹಾದಿಬದಿ · ಆಗಸ್ಟ್ 5

ಕುಸಿಯದೆ ಬಂದಿರಲ್ಲ, ಸಂತೋಷ. ಪಾದಗಳ ಕಥೆ ಏನಾಯಿತು?

ಬಯಲುಸೀಮೆ · ಆಗಸ್ಟ್ 5

ಬೆರಳ ಸಂದುಗಳಲ್ಲಿ ಕೆಸರುಹುಣ್ಣು ಆಗಿದೆ ಅಕ್ಕ, ಪುಡಿ ಹಚ್ಚುತ್ತಿದ್ದೇನೆ. ಫ್ಲೋಟರ್ಸ್ ಒಳ್ಳೆಯದೇ, ಸಂಜೆ ಕಾಲು ತೊಳೆದು ಒರೆಸಿಕೊಳ್ಳುವ ಸೋಮಾರಿತನ ನನ್ನದು.

ದೀಪದಕಂಬ · ಆಗಸ್ಟ್ 7

ಮೊದಲಿನಿಂದ ಕೊನೆಯವರೆಗೆ ಓದಿದೆ. ನಮಗೆ ದಸರಾ ರಜೆಯಷ್ಟೇ ಇರುವುದು, ಅಂದರೆ ಅಕ್ಟೋಬರ್. ಜೊತೆಗೆ ಅಮ್ಮ ಇದ್ದಾರೆ, ಅವರಿಗೆ ಅರವತ್ತೇಳು. ಅವರು ಹೋಯ್ ಆನ್‌ನ ದೀಪಗಳ ಚಿತ್ರ ನೋಡಿ ಅಲ್ಲಿಗೇ ಹೋಗಬೇಕು ಎನ್ನುತ್ತಿದ್ದಾರೆ. ಬಯಲುಸೀಮೆ ಅವರಿಗೆ ಅಲ್ಲಿ ಮಳೆಯೇ ಸಿಗಲಿಲ್ಲವಾದ್ದರಿಂದ ಅದೇ ಹಾದಿಯಲ್ಲಿ ಹೋಗಬಹುದಲ್ಲವೇ?

ಸೈಗಾನ್‌ವಾಸಿ · ಆಗಸ್ಟ್ 7

ದಯವಿಟ್ಟು ಬೇಡ. ಅಕ್ಟೋಬರ್‌ಗೆ ಎಲ್ಲವೂ ತಿರುವುಮುರುವಾಗುತ್ತದೆ. ಜುಲೈನಲ್ಲಿ ಒಣಗಿದ್ದ ಅದೇ ಮೂರು ಊರುಗಳಿಗೆ ಅಕ್ಟೋಬರ್ ಮತ್ತು ನವೆಂಬರ್ ಪ್ರವಾಹದ ತಿಂಗಳುಗಳು. 2025ರ ಅಕ್ಟೋಬರ್ ಕೊನೆಯಲ್ಲಿ ಹೋಯ್ ಆನ್‌ನ ಹಳೆಯ ಬೀದಿಗಳಲ್ಲಿ ಜನ ದೋಣಿಯಲ್ಲಿ ಓಡಾಡಿದರು. ಅಲ್ಲಿಯ ತಾನ್ ಕಿ ಎಂಬ ಹಳೆಯ ವರ್ತಕರ ಮನೆಯ ಗೋಡೆಯಲ್ಲಿ ಯಾವ ವರ್ಷ ನೀರು ಎಲ್ಲಿಯವರೆಗೆ ಏರಿತ್ತು ಎಂದು ಗುರುತು ಹಾಕಿಟ್ಟಿದ್ದಾರೆ. 1964ರ ಗುರುತು ಆಳೆತ್ತರಕ್ಕಿಂತ ಮೇಲಿದೆ. ಬಯಲುಸೀಮೆ ಅವರು ಅದನ್ನು ನೋಡಿರಬೇಕು.

ಅಕ್ಟೋಬರ್‌ನಲ್ಲಿ ಚೆನ್ನಾಗಿರುವುದು ಹನೋಯ್. ಮಳೆ ಇಳಿದು, ಸೆಕೆ ಇಳಿದು, ಅಮ್ಮನವರು ಕೆರೆಯ ಸುತ್ತ ಸಂಜೆ ಆರಾಮವಾಗಿ ನಡೆಯಬಹುದು. ಅಲ್ಲಿಯೇ ಐದಾರು ದಿನ ಇದ್ದು, ಹತ್ತಿರದ ನಿನ್ ಬಿನ್‌ಗೆ ಹೋಗಿ ಬನ್ನಿ. ದೀಪಗಳನ್ನು ನೋಡಲೇಬೇಕೆಂದರೆ ಫೆಬ್ರವರಿಯ ಕೊನೆಯಿಂದ ಏಪ್ರಿಲ್‌ವರೆಗೆ ಯಾವಾಗಲಾದರೂ ಬಿಡುವು ಮಾಡಿಕೊಳ್ಳಿ.

ಬಯಲುಸೀಮೆ · ಆಗಸ್ಟ್ 7

ನೋಡಿದೆ. 1964ರ ಗುರುತಿಗೆ ಕೈ ಎತ್ತಿ ಮುಟ್ಟಬೇಕಾಯಿತು. ಅದರ ಕೆಳಗೆ ಮನೆಯವರು ಸೈಕಲ್ ಒರಗಿಸಿದ್ದರು.

ದೀಪದಕಂಬ · ಆಗಸ್ಟ್ 8

ಅಮ್ಮನಿಗೆ ಓದಿ ಹೇಳಿದೆ. ಹನೋಯ್‌ಗೆ ಟಿಕೆಟ್ ನೋಡುತ್ತಿದ್ದೇವೆ.